ಸಣ್ಣ ಕೋಣೆಯ ದೊಡ್ಡ ದನಿ: ಹತ್ತಿ ಹೊಲದಿಂದ ಬಂದು ರಾಕ್ ಸಂಗೀತಕ್ಕೆ ದಾರಿ ಮಾಡಿದ ಮಡ್ಡಿ ವಾಟರ್ಸ್

1981ರ ನವೆಂಬರ್ 22, ಭಾನುವಾರ ರಾತ್ರಿ. ಅಮೆರಿಕದ ಶಿಕಾಗೋ ನಗರದ ದಕ್ಷಿಣ ಭಾಗ. ಅಲ್ಲಿನ 43ನೇ ರಸ್ತೆಯಲ್ಲಿ ಚೆಕರ್‌ಬೋರ್ಡ್ ಲೌಂಜ್ ಅನ್ನೋ ಒಂದು ಸಣ್ಣ ಬಾರ್. ಒಳಗೆ ಕಾಲಿಡೋಕೂ ಜಾಗ ಇಲ್ಲ. ಪುಟ್ಟ ವೇದಿಕೆ, ಅದಕ್ಕೆ ತಾಗಿಕೊಂಡೇ ಸಾಲು ಟೇಬಲ್ಲುಗಳು. ವೇದಿಕೆ ಮೇಲೆ 68 ವರ್ಷದ ಹಿರಿಯರೊಬ್ಬರು ಗಿಟಾರ್ ಹಿಡಿದು ಹಾಡ್ತಿದ್ದಾರೆ.

ಬಾಗಿಲು ತಳ್ಳಿಕೊಂಡು ಒಳಗೆ ಬಂದವರು ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಮತ್ತು ರಾನಿ ವುಡ್. ಆಗ ಅವರು ಜಗತ್ತಿನ ಅತಿ ದೊಡ್ಡ ರಾಕ್ ತಂಡ. ಅದೇ ವಾರ ಶಿಕಾಗೋ ಹೊರವಲಯದ ದೊಡ್ಡ ಕ್ರೀಡಾಂಗಣದಲ್ಲಿ ಸಾವಿರಾರು ಜನರ ಮುಂದೆ ಅವರ ಕಾರ್ಯಕ್ರಮ ಇತ್ತು. ಆದರೆ ಆ ರಾತ್ರಿ ಅವರು ಬಂದಿದ್ದು ಕೇಳುಗರಾಗಿ. ಹಿರಿಯರು ವೇದಿಕೆ ಮೇಲಿಂದಲೇ ಒಬ್ಬೊಬ್ಬರನ್ನೇ ಕರೆದರು. ಕೀತ್ ರಿಚರ್ಡ್ಸ್‌ಗೆ ಸುತ್ತಿಕೊಂಡು ಹೋಗೋಕೆ ದಾರಿಯೇ ಸಿಗಲಿಲ್ಲ, ಟೇಬಲ್ಲುಗಳ ಮೇಲೆ ಕಾಲಿಟ್ಟುಕೊಂಡೇ ವೇದಿಕೆ ಹತ್ತಿದರು.

ಆ ಹಿರಿಯರೇ ಮಡ್ಡಿ ವಾಟರ್ಸ್. ರೋಲಿಂಗ್ ಸ್ಟೋನ್ಸ್ ಅನ್ನೋ ಹೆಸರು ಹುಟ್ಟಿದ್ದೇ ಇವರ ಒಂದು ಹಾಡಿನಿಂದ. ಇವತ್ತು ರಾಕ್ ಅಂತ ನಾವು ಕರೆಯುವ ಸಂಗೀತದ ಬೇರು ಹುಡುಕುತ್ತಾ ಹೋದರೆ, ಇವರ ಗಿಟಾರಿನ ಹತ್ತಿರ ಬಂದೇ ಬರ್ತೀವಿ. ಆದರೆ ಇವರು ಆ ಸಂಗೀತ ಕಟ್ಟಿದ್ದು ದೊಡ್ಡ ಸಭಾಂಗಣದಲ್ಲಿ ಅಲ್ಲ. ಗುಡಿಸಲಲ್ಲಿ, ಬಾಡಿಗೆ ಮನೆಯ ಹಜಾರದಲ್ಲಿ, ಗದ್ದಲ ತುಂಬಿದ ಸಣ್ಣ ಬಾರುಗಳಲ್ಲಿ.

ಕೆಸರಲ್ಲಿ ಆಡಿದ ಹುಡುಗ

ನಿಜವಾದ ಹೆಸರು ಮೆಕಿನ್ಲೆ ಮಾರ್ಗನ್‌ಫೀಲ್ಡ್. ಹುಟ್ಟಿದ್ದು 1913ರ ಏಪ್ರಿಲ್ 4ರಂದು, ಅಮೆರಿಕದ ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ. ತಾವೇ ಮಾತ್ರ 1915 ಅಂತ ಹೇಳಿಕೊಳ್ತಿದ್ದರು, ಸಮಾಧಿ ಕಲ್ಲಿನ ಮೇಲೂ ಅದೇ ವರ್ಷ ಇದೆ. ಹೆತ್ತ ತಾಯಿ ಮಗು ಸಣ್ಣದಿರುವಾಗಲೇ ತೀರಿಕೊಂಡರು. ಸಾಕಿದವರು ಅಜ್ಜಿ ಡೆಲ್ಲಾ ಗ್ರಾಂಟ್. ಮಗು ಯಾವಾಗ ನೋಡಿದರೂ ಕೆಸರು ನೀರಲ್ಲಿ ಆಡ್ತಿತ್ತು, ಅದಕ್ಕೇ ಅಜ್ಜಿ ಮಡ್ಡಿ ಅಂತ ಕರೆದರು. ಮಡ್ಡಿ ಅಂದರೆ ಕೆಸರಾದ, ಬಗ್ಗಡವಾದ ಅಂತ ಅರ್ಥ. ಊರಿನ ಜನ ಅದರ ಮುಂದೆ ವಾಟರ್ಸ್ ಸೇರಿಸಿದರು.

ಅಜ್ಜಿ ಮೊಮ್ಮಗ ಇದ್ದದ್ದು ಕ್ಲಾರ್ಕ್ಸ್‌ಡೇಲ್ ಪಟ್ಟಣದ ಹತ್ತಿರದ ಸ್ಟೋವಾಲ್ ಅನ್ನೋ ದೊಡ್ಡ ಹತ್ತಿ ಎಸ್ಟೇಟಿನಲ್ಲಿ. ಭೂಮಿ ಬಿಳಿಯ ಮಾಲೀಕರದು, ದುಡಿಮೆ ಕಪ್ಪು ಜನರದು. ಕೋರು ಬೇಸಾಯದ ಪದ್ಧತಿ. ಬಿತ್ತನೆ ಬೀಜದಿಂದ ಹಿಡಿದು ಹಿಟ್ಟು, ಬಟ್ಟೆವರೆಗೆ ಎಲ್ಲ ಸಾಲದ ಮೇಲೆ. ಬೆಳೆ ಬಂದ ಮೇಲೆ ಲೆಕ್ಕ ಚುಕ್ತಾ ಮಾಡಿದರೆ ಬಹಳ ಜನರ ಕೈಯಲ್ಲಿ ಉಳಿಯುತ್ತಿದ್ದುದು ಮತ್ತಷ್ಟು ಸಾಲವೇ. ಮಡ್ಡಿ ಅವರ ಶಾಲೆ ಕೆಲವೇ ವರ್ಷಕ್ಕೆ ನಿಂತುಹೋಯಿತು, ಹೊಲದ ಕೆಲಸ ಶುರುವಾಯಿತು.

ಆ ಹೊಲಗಳಲ್ಲಿ ಹುಟ್ಟಿದ್ದೇ ಬ್ಲೂಸ್ ಅನ್ನೋ ಹಾಡಿನ ಬಗೆ. ದುಡಿಮೆ, ಅಗಲಿಕೆ, ಪ್ರೀತಿ, ಹಸಿವು ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಹೇಳುವ ಹಾಡು. ಒಂದು ಸಾಲು ಹಾಡಿ, ಅದನ್ನೇ ಮತ್ತೆ ಹಾಡಿ, ಮೂರನೇ ಸಾಲಿನಲ್ಲಿ ಉತ್ತರ ಕೊಡುವುದು ಅದರ ಸಾಮಾನ್ಯ ಕಟ್ಟು. ಭಾನುವಾರ ಚರ್ಚಿನ ಹಾಡು, ಶನಿವಾರ ರಾತ್ರಿ ಬ್ಲೂಸ್. ಮಡ್ಡಿ ಎರಡನ್ನೂ ಕೇಳಿ ಬೆಳೆದರು. ಮೊದಲು ಕೈಗೆ ಬಂದಿದ್ದು ಬಾಯಲ್ಲಿ ಊದುವ ಹಾರ್ಮೋನಿಕಾ.

ಕುದುರೆ ಮಾರಿ ತಂದ ಗಿಟಾರ್

ಹದಿನೇಳರ ವಯಸ್ಸಿನಲ್ಲಿ ಗಿಟಾರ್ ಹುಚ್ಚು ಹಿಡಿಯಿತು. ಮುಂದೆ ಅವರೇ ಹೇಳಿಕೊಳ್ಳುತ್ತಿದ್ದ ಪ್ರಕಾರ, ಮನೆಯಲ್ಲಿ ಉಳಿದಿದ್ದ ಕೊನೆಯ ಕುದುರೆಯನ್ನು 15 ಡಾಲರಿಗೆ ಮಾರಿದರು. ಅರ್ಧ ಅಜ್ಜಿಗೆ, ಅರ್ಧ ತಮಗೆ. ತಮ್ಮ ಪಾಲಿನ ಏಳೂವರೆ ಡಾಲರಿನಲ್ಲಿ ಸುಮಾರು ಎರಡೂವರೆ ಡಾಲರ್ ಕೊಟ್ಟು ಹಳೇ ಗಿಟಾರ್ ತಂದರು. ಅದರಲ್ಲಿ ರಾತ್ರಿಯಿಡೀ ನುಡಿಸಿ ಮೊದಲು ಸಂಪಾದಿಸಿದ್ದು 50 ಸೆಂಟ್. ಜನ ಇಷ್ಟಪಟ್ಟರು, ಜಾಗದ ಯಜಮಾನ ಅದನ್ನು ರಾತ್ರಿಗೆ ಎರಡೂವರೆ ಡಾಲರ್ ಮಾಡಿದ. ಅಂದರೆ ಗಿಟಾರಿನ ದುಡ್ಡು ಒಂದೇ ರಾತ್ರಿಯಲ್ಲಿ ವಾಪಸ್.

ಗುರು ಅಂತ ಮಡ್ಡಿ ಒಪ್ಪಿಕೊಂಡಿದ್ದು ಸನ್ ಹೌಸ್ ಎಂಬ ಹಾಡುಗಾರರನ್ನು. ಅವರು ಒಂದು ಕಡೆ ಕೆಲವು ವಾರ ನುಡಿಸಿದಾಗ ಮಡ್ಡಿ ಎದುರಿಗೆ ಕೂತು ಬೆರಳುಗಳನ್ನೇ ನೋಡಿದರು. ಒಡೆದ ಸೀಸೆಯ ಕುತ್ತಿಗೆಯನ್ನು ಬೆರಳಿಗೆ ಸಿಕ್ಕಿಸಿ ತಂತಿಯ ಮೇಲೆ ಜಾರಿಸುವ ಪದ್ಧತಿ ಅದು. ಹಾಗೆ ಜಾರಿಸಿದಾಗ ತಂತಿ ಮನುಷ್ಯನ ದನಿಯ ಹಾಗೆ ಅಳುತ್ತದೆ, ನರಳುತ್ತದೆ. ದೂರ ಕೂತಿದ್ದರೆ ಇದು ಕಲಿಯೋಕೆ ಆಗ್ತಿರಲಿಲ್ಲ.

ಮುಂದೆ ಮಡ್ಡಿ ತಮ್ಮ ಗುಡಿಸಲನ್ನೇ ವಾರದ ಕೊನೆಗೆ ಜೂಕ್ ಹೌಸ್ ಮಾಡಿದರು. ಜೂಕ್ ಹೌಸ್ ಅಂದರೆ ಕಪ್ಪು ಜನರ ಹಳ್ಳಿಯ ಮೋಜಿನ ಮನೆ. ಕದ್ದು ಇಳಿಸಿದ ಸಾರಾಯಿ, ಜೂಜು, ಕಾಸು ಹಾಕಿದರೆ ಹಾಡುವ ಜೂಕ್‌ಬಾಕ್ಸ್ ಯಂತ್ರ, ಜೊತೆಗೆ ಮಡ್ಡಿ ಅವರ ಗಿಟಾರ್. ವಾರವಿಡೀ ಹತ್ತಿ ಬಿಡಿಸಿದ ಜನ ಅಲ್ಲಿ ಬೆಳಗಿನ ತನಕ ಕುಣಿಯುತ್ತಿದ್ದರು.

ಅಬಕಾರಿಯವರು ಅಂದುಕೊಂಡಿದ್ದರು

1941ರ ಆಗಸ್ಟ್. ಒಬ್ಬ ಬಿಳಿಯ ವ್ಯಕ್ತಿ ತಮ್ಮನ್ನು ವಿಚಾರಿಸುತ್ತಿದ್ದಾರೆ ಅಂತ ಸುದ್ದಿ ಬಂತು. ಸಾರಾಯಿ ವಿಷಯ ಗೊತ್ತಾಗಿ ಅಬಕಾರಿಯವರೇ ಬಂದರು ಅಂತ ಮಡ್ಡಿ ಹೆದರಿದರು. ಬಂದವರು ಅಲನ್ ಲೋಮಾಕ್ಸ್. ಅಮೆರಿಕ ಸಂಸತ್ತಿನ ಗ್ರಂಥಾಲಯಕ್ಕಾಗಿ ಜನಪದ ಹಾಡು ಸಂಗ್ರಹಿಸುತ್ತಿದ್ದವರು. ಜೊತೆಗೆ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ಸಂಗೀತ ವಿದ್ವಾಂಸ ಜಾನ್ ವರ್ಕ್. ಲೋಮಾಕ್ಸ್ ಮಡ್ಡಿ ಅವರ ಲೋಟದಿಂದಲೇ ನೀರು ಕುಡಿದರಂತೆ. ಆ ಕಾಲದ ಮಿಸಿಸಿಪ್ಪಿಯಲ್ಲಿ ಬಿಳಿಯರು ಕನಸಲ್ಲೂ ಮಾಡದ ಕೆಲಸ ಅದು. ಆಮೇಲೆ ಮಡ್ಡಿ ಅವರ ಭಯ ಸ್ವಲ್ಪ ಕರಗಿತು.

ಕಾರಿನಲ್ಲಿ ತಂದ ಯಂತ್ರವನ್ನು ಮಡ್ಡಿ ಅವರ ಮನೆಯಲ್ಲೇ ಇಟ್ಟು, ಹಾಡನ್ನು ತಟ್ಟೆಯ ಮೇಲೆ ಕೊರೆದು ಮುದ್ರಿಸಿಕೊಂಡರು. ಮಡ್ಡಿ ತಮ್ಮ ದನಿಯನ್ನು ತಾವೇ ಕೇಳಿಸಿಕೊಂಡಿದ್ದು ಅದೇ ಮೊದಲು. ರೇಡಿಯೋದಲ್ಲಿ ಬರುವವರಿಗಿಂತ ತಾವೇನೂ ಕಮ್ಮಿ ಇಲ್ಲ ಅಂತ ಅವತ್ತು ಅನ್ನಿಸಿತು. ಮುಂದೆ ಲೋಮಾಕ್ಸ್ 20 ಡಾಲರಿನ ಚೆಕ್ಕು ಮತ್ತು ರೆಕಾರ್ಡಿನ ಎರಡು ಪ್ರತಿ ಕಳಿಸಿಕೊಟ್ಟರು. ಮಡ್ಡಿ ಅದನ್ನು ಜೂಕ್‌ಬಾಕ್ಸಿಗೆ ಹಾಕಿ ಮತ್ತೆ ಮತ್ತೆ ಕೇಳಿದರು.

ಆಗ ಅವರು ಎಸ್ಟೇಟಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಗಂಟೆಗೆ ಇಪ್ಪತ್ತೆರಡೂವರೆ ಸೆಂಟ್ ಕೂಲಿ. 25 ಸೆಂಟ್ ಮಾಡಿ ಅಂತ ಕೇಳಿದರು. ಮೇಲ್ವಿಚಾರಕ ರೇಗಾಡಿದ. ಕೇಳಿದ್ದು ಎರಡೂವರೆ ಸೆಂಟ್ ಜಾಸ್ತಿ, ಅಷ್ಟೇ! 1943ರ ಮೇ ತಿಂಗಳಲ್ಲಿ ಮಡ್ಡಿ ಗಿಟಾರ್ ತಗೊಂಡು ಶಿಕಾಗೋ ರೈಲು ಹತ್ತಿದರು.

ಗದ್ದಲಕ್ಕೆ ಸಿಕ್ಕಿದ ಉತ್ತರ

ಆ ದಶಕಗಳಲ್ಲಿ ದಕ್ಷಿಣದ ಹಳ್ಳಿಗಳಿಂದ ಲಕ್ಷಾಂತರ ಕಪ್ಪು ಜನ ಉತ್ತರದ ಕೈಗಾರಿಕಾ ನಗರಗಳಿಗೆ ಗುಳೆ ಹೋದರು. ಶಿಕಾಗೋದ ಉಕ್ಕಿನ ಕಾರ್ಖಾನೆ, ಕಸಾಯಿಖಾನೆಗಳಲ್ಲಿ ಕೆಲಸ ಇತ್ತು. ಮಡ್ಡಿ ಅವರಿಗೂ ಬಂದ ಕೆಲವೇ ದಿನದಲ್ಲಿ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಟ್ರಕ್ ಓಡಿಸಿ ಕಿಟಕಿ ಪರದೆಗಳನ್ನು ಮನೆಮನೆಗೆ ತಲುಪಿಸುವ ಕೆಲಸ. ಹಗಲು ಟ್ರಕ್ಕು, ರಾತ್ರಿ ಗಿಟಾರು.

ಮೊದಲ ವೇದಿಕೆ ಯಾವುದು ಗೊತ್ತಾ? ಬಾಡಿಗೆ ಪಾರ್ಟಿ. ತಿಂಗಳ ಬಾಡಿಗೆ ಕಟ್ಟೋಕೆ ದುಡ್ಡು ಸಾಲದಿದ್ದರೆ ಮನೆಯವರು ಊಟ, ಕುಡಿತ, ಸಂಗೀತ ಇಟ್ಟು ನೆರೆಹೊರೆಯವರನ್ನು ಕರೆಯೋರು. ಬಂದವರು ಕೊಟ್ಟ ಕಾಸಿನಲ್ಲಿ ಬಾಡಿಗೆ ಹೋಗೋದು, ಹಾಡಿದವರಿಗೂ ನಾಲ್ಕು ಕಾಸು ಸಿಗೋದು. ಅಲ್ಲಿಂದ ಬಾರುಗಳಿಗೆ ದಾರಿ ತೋರಿಸಿದವರಲ್ಲಿ ಆಗಲೇ ಹೆಸರು ಮಾಡಿದ್ದ ಬಿಗ್ ಬಿಲ್ ಬ್ರೂನ್ಜಿ ಒಬ್ಬರು. ತಮ್ಮ ಕಾರ್ಯಕ್ರಮಕ್ಕೆ ಮುಂಚೆ ಈ ಹೊಸ ಹುಡುಗನಿಗೆ ಹಾಡೋಕೆ ಅವಕಾಶ ಕೊಟ್ಟರು.

ಬಾರುಗಳಲ್ಲಿ ಒಂದು ಸಮಸ್ಯೆ ಇತ್ತು. ಗ್ಲಾಸುಗಳ ಸದ್ದು, ಮಾತು, ನಗು, ಜಗಳ. ಹಳ್ಳಿಯ ಮರದ ಗಿಟಾರಿನ ಸದ್ದು ಎರಡನೇ ಟೇಬಲ್ಲಿಗೂ ಮುಟ್ಟುತ್ತಿರಲಿಲ್ಲ. 1944-45ರ ಸುಮಾರಿಗೆ ಮಡ್ಡಿ ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಬರೀ ಜೋರು ಸದ್ದಿಗಾಗಿ ಹಿಡಿದ ಆ ಗಿಟಾರ್ ಸಂಗೀತವನ್ನೇ ಬದಲಿಸಿತು. ಸೀಸೆಯ ಜಾರಾಟ ಈಗ ಕರೆಂಟಿನಲ್ಲಿ ಹಾದು ಬಂದಾಗ ತಂತಿ ಕಿರುಚಿತು, ಗುಡುಗಿತು. ಜೊತೆಗೆ ಡ್ರಮ್ ಸೇರಿತು, ಪಿಯಾನೊ ಸೇರಿತು. ಹಾರ್ಮೋನಿಕಾ ನುಡಿಸುವ ಲಿಟಲ್ ವಾಲ್ಟರ್ ಮೈಕನ್ನು ವಾದ್ಯದ ಜೊತೆಗೇ ಅಂಗೈಯಲ್ಲಿ ಮುಚ್ಚಿ ಹಿಡಿದು ಊದಿದರು. ಎರಡನೇ ಗಿಟಾರಿಗೆ ಜಿಮ್ಮಿ ರಾಜರ್ಸ್, ಆಮೇಲೆ ಪಿಯಾನೊಗೆ ಓಟಿಸ್ ಸ್ಪಾನ್. ಮುಂದೆ ಬಂದ ರಾಕ್ ತಂಡಗಳಿಗೆಲ್ಲ ಮಾದರಿಯಾದ ತಂಡಗಳಲ್ಲಿ ಇದೂ ಒಂದು.

ರಜೆ ಇದ್ದ ರಾತ್ರಿ ಇವರು ಸುಮ್ಮನೆ ಮನೆಯಲ್ಲಿ ಕೂರುತ್ತಿರಲಿಲ್ಲ. ಬೇರೆ ತಂಡ ಹಾಡುತ್ತಿದ್ದ ಬಾರಿಗೆ ಹೋಗಿ, ಒಂದೆರಡು ಹಾಡು ಹಾಡ್ತೀವಿ ಅಂತ ಕೇಳಿ ವೇದಿಕೆ ಹತ್ತಿ, ಇಡೀ ಜನರನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಹಾಗಾಗಿ ಇವರಿಗೆ ತಲೆ ಬೇಟೆಗಾರರು ಅಂತ ಅಡ್ಡಹೆಸರೇ ಬಿದ್ದಿತ್ತು.

ಕ್ಷೌರದಂಗಡಿಯಲ್ಲಿ ಮಾರಿದ ರೆಕಾರ್ಡ್

ಪೋಲೆಂಡಿನಿಂದ ವಲಸೆ ಬಂದ ಯಹೂದಿ ಅಣ್ಣತಮ್ಮಂದಿರು ಲಿಯೊನಾರ್ಡ್ ಚೆಸ್ ಮತ್ತು ಫಿಲ್ ಚೆಸ್. ಶಿಕಾಗೋದಲ್ಲಿ ಮಕೋಂಬಾ ಲೌಂಜ್ ಅನ್ನೋ ಬಾರ್ ನಡೆಸುತ್ತಿದ್ದರು. ತಮ್ಮ ಬಾರಿಗೆ ಬರುವ ಜನ ಯಾವ ಹಾಡಿಗೆ ತಲೆದೂಗುತ್ತಾರೆ ಅನ್ನೋದು ಅವರಿಗೆ ಗೊತ್ತಿತ್ತು. 1947ರಲ್ಲಿ ಅರಿಸ್ಟೊಕ್ರಾಟ್ ಎಂಬ ರೆಕಾರ್ಡ್ ಕಂಪನಿಗೆ ಸೇರಿಕೊಂಡರು. 1950ರಲ್ಲಿ ಅದು ಚೆಸ್ ರೆಕಾರ್ಡ್ಸ್ ಆಯಿತು.

1948ರಲ್ಲಿ ಮಡ್ಡಿ ಅವರ ರೆಕಾರ್ಡ್ ಬಂತು. ದೊಡ್ಡ ಕಂಪನಿಗಳ ಹಾಗೆ ಅದಕ್ಕೆ ಜಾಹೀರಾತು ಇರಲಿಲ್ಲ. ಲಿಯೊನಾರ್ಡ್ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಓಡಾಡಿ ಮಾರಿದರು. ಕ್ಷೌರದಂಗಡಿ, ಬ್ಯೂಟಿ ಪಾರ್ಲರ್, ದಿನಸಿ ಅಂಗಡಿ, ಎಲ್ಲಿ ಜನ ಸೇರ್ತಾರೋ ಅಲ್ಲಿ. ಒಂದೇ ವಾರಾಂತ್ಯದಲ್ಲಿ ಮೊದಲ ಮುದ್ರಣ ಹೆಚ್ಚು ಕಡಿಮೆ ಖಾಲಿ. ಮಡ್ಡಿ ತಾವೇ ಕೊಳ್ಳಲು ಹೋದರೆ 79 ಸೆಂಟಿನ ರೆಕಾರ್ಡಿಗೆ ಅಂಗಡಿಯವರು 1 ಡಾಲರ್ 10 ಸೆಂಟ್ ಹೇಳಿದರಂತೆ, ಅದೂ ಒಬ್ಬರಿಗೆ ಒಂದೇ ಪ್ರತಿ! ಹಾಡಿದ್ದೇ ತಾನು ಅಂದರೂ ನಿಯಮ ನಿಯಮವೇ. ಎರಡನೇ ಪ್ರತಿಗೆ ಹೆಂಡತಿಯನ್ನು ಕಳಿಸಬೇಕಾಯಿತು. ಮುಂದೆ ಈ ಪ್ರಸಂಗವನ್ನು ಅವರೇ ನಗುತ್ತಾ ಹೇಳುತ್ತಿದ್ದರು.

1950ರಲ್ಲಿ ಬಂದ ‘ರೋಲಿನ್ ಸ್ಟೋನ್’ ಹಾಡೇ 12 ವರ್ಷದ ನಂತರ ಲಂಡನ್ನಿನ ಆ ಹುಡುಗರ ತಂಡಕ್ಕೆ ಹೆಸರಾಯಿತು.

ಇದೆಲ್ಲದರ ನಡುವೆಯೂ ಮಡ್ಡಿ ಅವರ ಅಡ್ಡೆ ಸಣ್ಣ ಬಾರುಗಳೇ. ಹಲವು ವರ್ಷ ಝಾಂಜಿಬಾರ್ ಕ್ಲಬ್. ಅಲ್ಲಿಗೇ ಒಂದು ರಾತ್ರಿ ಹಾಡು ಕಟ್ಟುವ ವಿಲ್ಲಿ ಡಿಕ್ಸನ್ ಬಂದರು, ಕೈಯಲ್ಲಿ ‘ಹೂಚಿ ಕೂಚಿ ಮ್ಯಾನ್’ ಎಂಬ ಹೊಸ ಹಾಡು. ವಿರಾಮದಲ್ಲಿ ಇಬ್ಬರೂ ಬಾರಿನ ಶೌಚಾಲಯಕ್ಕೆ ಹೋಗಿ ನಿಂತರು, ಗದ್ದಲ ಕಮ್ಮಿ ಇದ್ದದ್ದು ಅಲ್ಲೇ. ಡಿಕ್ಸನ್ ಹೇಳಿಕೊಟ್ಟರು, ಮಡ್ಡಿ ಕಲಿತರು, ವಾಪಸ್ ವೇದಿಕೆಗೆ ಬಂದು ಅದೇ ರಾತ್ರಿ ಹಾಡಿಬಿಟ್ಟರು. ಜನ ಹುಚ್ಚೆದ್ದು ಕುಣಿದರು. 1954ರಲ್ಲಿ ರೆಕಾರ್ಡ್ ಆಗಿ ಬಂದಾಗ ಅದು ಅವರ ಅತಿ ದೊಡ್ಡ ಯಶಸ್ಸುಗಳಲ್ಲಿ ಒಂದಾಯಿತು. ಹಾಡು ಗೆಲ್ಲುತ್ತೋ ಇಲ್ಲವೋ ಅನ್ನೋ ತೀರ್ಪು ಝಾಂಜಿಬಾರಿನ ಗಿರಾಕಿಗಳು ಮೊದಲೇ ಕೊಟ್ಟಾಗಿತ್ತು.

ಕೈ ಹಿಡಿದವರು, ಕೈ ಕೊಟ್ಟವರು

1955ರಲ್ಲಿ ಚಕ್ ಬೆರ್ರಿ ಎಂಬ ಯುವಕ ಶಿಕಾಗೋಗೆ ಬಂದು ಮಡ್ಡಿ ಅವರ ಹಾಡು ಕೇಳಿ, ತಾನು ರೆಕಾರ್ಡ್ ಮಾಡಬೇಕಾದರೆ ಯಾರನ್ನು ನೋಡಬೇಕು ಅಂತ ವಿಚಾರಿಸಿದ. ಮಡ್ಡಿ ಲಿಯೊನಾರ್ಡ್ ಚೆಸ್ ಹೆಸರು ಹೇಳಿದರು. ಅದೇ ವರ್ಷ ಚಕ್ ಬೆರ್ರಿ ರಾಕ್ ಅಂಡ್ ರೋಲ್ ತಾರೆಯಾದ. ವಿಪರ್ಯಾಸ ನೋಡಿ, ಆ ಹೊಸ ಅಲೆಯೇ ಮುಂದೆ ಮಡ್ಡಿ ಅವರ ರೆಕಾರ್ಡ್ ಮಾರಾಟವನ್ನು ತಗ್ಗಿಸಿತು.

1957ರಲ್ಲಿ ಲೂಸಿಯಾನಾದಿಂದ ಬಂದ ಬಡ್ಡಿ ಗೈ ಎಂಬ ಹುಡುಗ ಕೆಲಸವಿಲ್ಲದೆ, ಊಟವಿಲ್ಲದೆ ಅಲೆಯುತ್ತಿದ್ದ. 708 ಕ್ಲಬ್ ಎಂಬ ಬಾರಿನಲ್ಲಿ ಅವನ ಗಿಟಾರ್ ಕೇಳೋಕೆ ಮಡ್ಡಿ ಬಂದರು. ಹುಡುಗನ ಹಸಿವು ಗೊತ್ತಾಗಿ ತಮ್ಮ ಕಾರಿನಲ್ಲಿ ಕೂರಿಸಿ ಸ್ಯಾಂಡ್‌ವಿಚ್ ತಿನ್ನಿಸಿದರು. ಊರಿಗೆ ವಾಪಸ್ ಹೋಗಬೇಕು ಅಂದುಕೊಂಡಿದ್ದ ಹುಡುಗ ಉಳಿದುಕೊಂಡ. 1972ರಲ್ಲಿ ಚೆಕರ್‌ಬೋರ್ಡ್ ಲೌಂಜ್ ತೆರೆದವರಲ್ಲಿ ಒಬ್ಬರು ಇದೇ ಬಡ್ಡಿ ಗೈ.

1958ರಲ್ಲಿ ಮಡ್ಡಿ ಇಂಗ್ಲೆಂಡಿಗೆ ಹೋದರು. ಹಳ್ಳಿಯ ಮೆಲುದನಿಯ ಹಾಡು ನಿರೀಕ್ಷಿಸಿದ್ದ ಕೆಲವರಿಗೆ ಎಲೆಕ್ಟ್ರಿಕ್ ಗಿಟಾರಿನ ಅಬ್ಬರ ಹಿಡಿಸಲಿಲ್ಲ. ಪಾಠ ಕಲಿತೆ ಅಂದುಕೊಂಡು 1963ರಲ್ಲಿ ಮರದ ಗಿಟಾರ್ ತಗೊಂಡು ಹೋದರೆ, ಅಷ್ಟರಲ್ಲಿ ಅಲ್ಲಿನ ಹುಡುಗರಿಗೆ ಎಲೆಕ್ಟ್ರಿಕ್ಕೇ ಬೇಕಾಗಿತ್ತು!

ಶಿಕಾಗೋದಲ್ಲೂ ಬಿಳಿಯ ಹುಡುಗರು ದಕ್ಷಿಣ ಭಾಗದ ಬಾರುಗಳಿಗೆ ಬರತೊಡಗಿದರು. ಪಾಲ್ ಬಟರ್‌ಫೀಲ್ಡ್, ಮೈಕ್ ಬ್ಲೂಮ್‌ಫೀಲ್ಡ್ ಅಂಥವರು ಮೊದಲು ಕೂತು ಕೇಳಿದರು, ಆಮೇಲೆ ಮಡ್ಡಿ ಅವರನ್ನು ವೇದಿಕೆಗೂ ಹತ್ತಿಸಿದರು. 1965ರಲ್ಲಿ ನ್ಯೂಪೋರ್ಟ್ ಉತ್ಸವದಲ್ಲಿ ಬಾಬ್ ಡಿಲನ್ ಮೊದಲ ಬಾರಿಗೆ ಎಲೆಕ್ಟ್ರಿಕ್ ತಂಡದ ಜೊತೆ ಹಾಡಿ ಗದ್ದಲ ಎಬ್ಬಿಸಿದಾಗ ಪಕ್ಕದಲ್ಲಿ ಗಿಟಾರ್ ಹಿಡಿದಿದ್ದವರು ಇದೇ ಬ್ಲೂಮ್‌ಫೀಲ್ಡ್.

ಆದರೆ ದುಡ್ಡಿನ ಲೆಕ್ಕ ಬೇರೆಯೇ. ಇವರಿಂದ ಕಲಿತವರು ಕ್ರೀಡಾಂಗಣ ತುಂಬಿಸುವಾಗ ಮಡ್ಡಿ ವ್ಯಾನಿನಲ್ಲಿ ಊರೂರು ತಿರುಗಿ ಕ್ಲಬ್ಬುಗಳಲ್ಲಿ ಹಾಡುತ್ತಿದ್ದರು. 1969ರ ಅಕ್ಟೋಬರಿನಲ್ಲಿ ಅಂಥ ಒಂದು ಪ್ರಯಾಣದಲ್ಲಿ ಭೀಕರ ಕಾರು ಅಪಘಾತ. ಮೂವರು ಸತ್ತರು. ಮಡ್ಡಿ ಅವರ ಸೊಂಟದ ಮೂಳೆ ಮುರಿಯಿತು, ತಿಂಗಳುಗಟ್ಟಲೆ ಆಸ್ಪತ್ರೆ ವಾಸ. ಚೇತರಿಸಿಕೊಂಡ ಮೇಲೆ ವೇದಿಕೆಯಲ್ಲಿ ಸ್ಟೂಲಿನ ಮೇಲೆ ಕೂತು ಹಾಡುವುದು ರೂಢಿಯಾಯಿತು. 1973ರಲ್ಲಿ ಪತ್ನಿ ಜಿನೀವಾ ಕ್ಯಾನ್ಸರಿನಿಂದ ತೀರಿಕೊಂಡರು.

ಹಾಡುಗಳ ಹಕ್ಕಿನ ವಿಷಯ ಬಹಳ ವರ್ಷ ನಂಬಿಕೆಯ ಮೇಲೆ ನಡೆದಿತ್ತು. 1970ರ ದಶಕದಲ್ಲಿ ಮಡ್ಡಿ ಮತ್ತು ವಿಲ್ಲಿ ಡಿಕ್ಸನ್, ಚೆಸ್ ಸಹೋದರರ ಪಾಲುದಾರಿಕೆಯಿದ್ದ ಹಾಡು ಪ್ರಕಟಣಾ ಸಂಸ್ಥೆ ಆರ್ಕ್ ಮ್ಯೂಸಿಕ್ ಮೇಲೆ ಬಾಕಿ ಗೌರವಧನಕ್ಕಾಗಿ ದಾವೆ ಹೂಡಿದರು. ಕೊನೆಗೆ ಅದು ರಾಜಿಯಲ್ಲಿ ಮುಗಿಯಿತು. ಅಷ್ಟು ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು.

ಕೊನೆಯ ಕಾಲ ಮಾತ್ರ ಚೆನ್ನಾಗಿತ್ತು. ಒಟ್ಟು ಆರು ಗ್ರ್ಯಾಮಿ ಪ್ರಶಸ್ತಿ ಬಂದವು. 1977ರಲ್ಲಿ ಗಿಟಾರ್ ವಾದಕ ಜಾನಿ ವಿಂಟರ್ ಜೊತೆ ಮಾಡಿದ ಆಲ್ಬಂ ಹೊಸ ಪೀಳಿಗೆಗೆ ಅವರನ್ನು ಮತ್ತೆ ಪರಿಚಯಿಸಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಮುಂದೆ ಶ್ವೇತಭವನದಲ್ಲಿ ಹಾಡಿದರು. ಎರಡೂವರೆ ಸೆಂಟಿಗೆ ಬೈಸಿಕೊಂಡು ಊರು ಬಿಟ್ಟ ಟ್ರ್ಯಾಕ್ಟರ್ ಡ್ರೈವರ್ ಅಲ್ಲಿವರೆಗೆ ಬಂದಿದ್ದರು.

ಕೋಣೆಗಳು ಮುಚ್ಚಿದ ಮೇಲೆ

1983ರ ಏಪ್ರಿಲ್ 30ರಂದು ಶಿಕಾಗೋ ಹೊರವಲಯದ ವೆಸ್ಟ್‌ಮಾಂಟಿನ ತಮ್ಮ ಮನೆಯಲ್ಲಿ ಮಡ್ಡಿ ವಾಟರ್ಸ್ ನಿದ್ದೆಯಲ್ಲೇ ಕೊನೆಯುಸಿರೆಳೆದರು. 43ನೇ ರಸ್ತೆಯ ಒಂದು ಭಾಗಕ್ಕೆ ಅವರ ಹೆಸರಿಟ್ಟರು. 1954ರಲ್ಲಿ ಅವರು ಕೊಂಡು ಸುಮಾರು ಎರಡು ದಶಕ ಬಾಳಿದ ಲೇಕ್ ಪಾರ್ಕ್ ಅವೆನ್ಯೂ ಮನೆಯನ್ನು 2021ರಲ್ಲಿ ಶಿಕಾಗೋ ನಗರಾಡಳಿತ ಸಂರಕ್ಷಿತ ಕಟ್ಟಡ ಎಂದು ಘೋಷಿಸಿತು. ಆ ಮನೆಯ ನೆಲಮಾಳಿಗೆಯಲ್ಲೇ ತಂಡದ ತಾಲೀಮು ನಡೆಯುತ್ತಿತ್ತು.

ಆದರೆ ಅವರು ಹಾಡಿದ ಬಾರುಗಳು? ಝಾಂಜಿಬಾರ್ ಇಲ್ಲ. ಮಕೋಂಬಾ 1950ರಲ್ಲೇ ಬೆಂಕಿಗೆ ಹೋಯಿತು. ಊರಿಂದ ಬಂದ ಹಾಡುಗಾರರು ರಸ್ತೆ ಬದಿ ನಿಂತು ಹಾಡುತ್ತಿದ್ದ ಮ್ಯಾಕ್ಸ್‌ವೆಲ್ ಸ್ಟ್ರೀಟಿನ ಸಂತೆಯನ್ನು 1994ರಲ್ಲಿ ಎಬ್ಬಿಸಿದರು. ಚೆಕರ್‌ಬೋರ್ಡ್ ಲೌಂಜ್ 2003ರಲ್ಲಿ 43ನೇ ರಸ್ತೆಯ ಬಾಗಿಲು ಹಾಕಿತು. ಬೇರೆ ಕಡೆ ಮತ್ತೆ ತೆರೆದರೂ 2015ರಲ್ಲಿ ಅದೂ ನಿಂತಿತು. ಒಂದು ಕಾಲದಲ್ಲಿ ಕೂಲಿ ಮುಗಿಸಿ ಬಂದ ಜನ ಕೈಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಕೂತು ಕೇಳಿದ ಸಂಗೀತವನ್ನು ಈಗ ಜಗತ್ತು ಫೋನಿನಲ್ಲಿ ಕೇಳುತ್ತದೆ.

ಸ್ಟೋವಾಲ್ ಎಸ್ಟೇಟಿನ ಆ ಗುಡಿಸಲು ಮಾತ್ರ ಉಳಿದಿದೆ. ಅದರಿಂದ ಬಿದ್ದ ಒಂದು ತೊಲೆಯನ್ನು ಝೀಝೀ ಟಾಪ್ ತಂಡದ ಬಿಲ್ಲಿ ಗಿಬ್ಬನ್ಸ್ ತಗೊಂಡು ಹೋಗಿ ಗಿಟಾರ್ ಮಾಡಿಸಿದರು. ಮಿಕ್ಕ ಮರವನ್ನೆಲ್ಲ ಜೋಡಿಸಿ ಕ್ಲಾರ್ಕ್ಸ್‌ಡೇಲಿನ ಡೆಲ್ಟಾ ಬ್ಲೂಸ್ ಮ್ಯೂಸಿಯಮ್ಮಿನೊಳಗೆ ಗುಡಿಸಲನ್ನು ನಿಲ್ಲಿಸಿದ್ದಾರೆ. ದೇಶ ವಿದೇಶದಿಂದ ಬಂದವರು ಒಳಗೆ ಹೋಗಿ ಸುತ್ತ ನೋಡುತ್ತಾರೆ. ಶನಿವಾರ ರಾತ್ರಿ ಇಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಜನ ಹೇಗೆ ಕುಣಿದರು ಅನ್ನೋದೇ ಅವರಿಗೆ ಆಶ್ಚರ್ಯ.